ಎರಡನೇ ಎಲೆ ಯಾರಿಗೆ?

॥ ಶ್ರೀ ಗುರುಭ್ಯೋ ನಮಃ ॥



ಬಾತಿ ಗುಡ್ಡ ಹತ್ತಿ ಬಂದಿದ್ದೀರಿ. ಸ್ವಲ್ಪ ದಣಿವಾರಿಸಿಕೊಳ್ಳಿ. ಒಂದು ಕಡೆ ದಾವಣಗೆರೆ, ಇನ್ನೊಂದು ಕಡೆ ಹರಿಹರ. ಕೆಳಗೆ ಹೆದ್ದಾರಿಯಲ್ಲಿ ಲಾರಿಗಳು ಓಡುತ್ತಲೇ ಇವೆ. ಮೇಲೆ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಮನೆಯಲ್ಲಿ ಆಡಲಾಗದ ಮಾತು, ಊರಲ್ಲಿ ಕೇಳಲಾಗದ ಪ್ರಶ್ನೆ ಇಂಥ ಜಾಗದಲ್ಲಿ ಬಾಯಿಗೆ ಬರುತ್ತದೆ. ಗುಡ್ಡದ ಮೇಲೆ ದೇವರನ್ನು ಇಟ್ಟ ಹಿರಿಯರು ಇದನ್ನೂ ಬಲ್ಲವರೇ ಆಗಿದ್ದರು.

ಒಂದು ವರ್ಷ ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮೊದಲು ಹೀಗೇ ಒಬ್ಬ ಯಜಮಾನರು ಬಂದರು. ಎಪ್ಪತ್ತು ದಾಟಿದ ಜೀವ. ಆದರೂ ಬೆನ್ನು ನೆಟ್ಟಗಿತ್ತು. ಮಿಲಿಟರಿಯಲ್ಲಿದ್ದವರು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದರೂ ಅವರು ಕೂತೇ ಇದ್ದರು. ಹತ್ತಿರ ಹೋದೆ.

"ಗುರುಗಳೇ, ಒಂದು ಮಾತು ಕೇಳ್ಬೇಕಿತ್ತು. ಇಷ್ಟು ವರ್ಷ ಯಾರ ಹತ್ರನೂ ಕೇಳಿಲ್ಲ."

"ಕೇಳ್ರಿ ಯಜಮಾನ್ರೇ."

"ನನ್ನ ಕೈಯಿಂದ ಸತ್ತವನಿಗೆ ನಾನು ಎಡೆ ಇಡಬಹುದಾ?"

ನಾನು ಸುಮ್ಮನೆ ಕುಳಿತೆ. ಅವರೇ ಹೇಳಿದರು. 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿದ್ದರು. ಡಿಸೆಂಬರ್ 17ರ ರಾತ್ರಿ ಕದನವಿರಾಮವಾಯಿತು. ಮರುದಿನ ಬೆಳಿಗ್ಗೆ ಹೆಣಗಳನ್ನು ಎತ್ತುವ ಕೆಲಸ. ತಾವು ಗುಂಡು ಹಾರಿಸಿದ ದಿಕ್ಕಿನಲ್ಲಿ ಒಬ್ಬ ಹುಡುಗ ಮಕಾಡೆ ಬಿದ್ದಿದ್ದ. ಇವರಷ್ಟೇ ವಯಸ್ಸು. ಸಮವಸ್ತ್ರದ ಒಳಗೆ ಮನೆಯಲ್ಲಿ ಹೆಣೆದ ಸ್ವೆಟರ್. ಮೊಣಕೈ ಹತ್ತಿರ ಹರಿದಿದ್ದ ಜಾಗಕ್ಕೆ ಯಾರೋ ಬೇರೆ ಬಣ್ಣದ ಉಣ್ಣೆ ಹಾಕಿ ಹೆಣೆದು ಸರಿ ಮಾಡಿದ್ದರು.

"ಬಣ್ಣ ಹೊಂದಿರಲಿಲ್ಲ ಗುರುಗಳೇ. ಮನೇಲಿದ್ದ ಉಣ್ಣೇಲೇ ಹೆಣೆದಿದ್ರು. ನಮ್ಮವ್ವನೂ ಹಂಗೇ, ಕೈಗೆ ಸಿಕ್ಕ ದಾರದಲ್ಲೇ ಹೊಲೀತಿದ್ಲು. ಅವನ ಮುಖ ಈಗ ನೆನಪಿಲ್ಲ. ಆ ಮೊಣಕೈ ಮಾತ್ರ ನೆನಪೈತೆ. ವರ್ಷಾ ವರ್ಷಾ ಹಿರಿಯರ ಹಬ್ಬದಾಗೆ ಅಪ್ಪಂಗೆ, ಅವ್ವಂಗೆ, ಅಣ್ಣಂಗೆ ಎಲೆ ಹಾಕ್ತೀವಿ. ಇನ್ನೊಂದು ಎಲೆ ಹಾಕಾನ ಅಂತ ಕೈ ಹೋಗ್ತೈತೆ. ಹಿಂದಕ್ಕೆ ತಗಳ್ತೀನಿ. ಈ ಸಲ ಮಗನಿಗೆ ಹೇಳ್ದೆ. ಶತ್ರುಗೆ ಎಡೆ ಇಟ್ರೆ ಊರವರು ಉಗೀತಾರಪ್ಪಾ ಅಂದ. ಅವನು ಹೇಳಿದ್ದೂ ಸರಿನೇ ಐತಿ."

ಭಕ್ತರೇ, ಪ್ರಶ್ನೆ ಸಣ್ಣದಲ್ಲ. ದೇಶಕ್ಕಾಗಿ ಜೀವ ಒತ್ತೆಯಿಟ್ಟು ಹೋರಾಡಿದವರ ಪ್ರಶ್ನೆ ಇದು. ಎದುರಿಗೆ ಮಗ, ಊರು, ಗಡಿಯಲ್ಲಿ ಮಗನನ್ನು ಕಳೆದುಕೊಂಡ ತಾಯಂದಿರು ಇದ್ದಾರೆ. "ಎಲ್ಲರೂ ಒಂದೇ ಅಲ್ಲವೇ, ಇಡಿ ಬಿಡಿ" ಎಂದು ಸುಲಭವಾಗಿ ಹೇಳಿಬಿಟ್ಟರೆ ಅದು ಉತ್ತರವಾಗುವುದಿಲ್ಲ. "ನಾಳೆ ಬನ್ನಿ" ಎಂದು ಅವರನ್ನು ಕಳಿಸಿಕೊಟ್ಟೆ. ಅಮಾವಾಸ್ಯೆಯ ಹಿಂದಿನ ದಿನ ಇಲ್ಲಿ ಕುಳಿತು ನಮ್ಮ ಹಿರಿಯರು ಈ ವಿಷಯದಲ್ಲಿ ಏನು ಮಾಡಿದ್ದಾರೆಂದು ಒಂದೊಂದಾಗಿ ನೆನೆದೆವು. ಅದನ್ನೇ ಇಲ್ಲಿ ನಿಮಗಾಗಿ ಬರೆದಿದೆ.

ರಾಮ ಏನು ಮಾಡಿದ?

ರಾವಣನಿಗಿಂತ ದೊಡ್ಡ ವೈರಿ ಯಾರಿಗಿದ್ದಾನು? ಹೆಂಡತಿಯನ್ನು ಕದ್ದೊಯ್ದವನು. ತಮ್ಮ ಲಕ್ಷ್ಮಣ ನೆಲಕ್ಕೆ ಬೀಳುವಂತೆ ಶಕ್ತಿ ಪ್ರಯೋಗಿಸಿದವನು. ಆ ರಾವಣ ಸತ್ತು ಬಿದ್ದಾಗ ಅವನ ಅಂತ್ಯಕ್ರಿಯೆಗೆ ವಿಭೀಷಣನೇ ಹಿಂದೆಮುಂದೆ ನೋಡಿದ. ಒಡಹುಟ್ಟಿದ ತಮ್ಮ! "ಧರ್ಮ ಬಿಟ್ಟವನು ಇವನು, ಇವನಿಗೆ ನಾನು ಸಂಸ್ಕಾರ ಮಾಡಲಾರೆ" ಎಂಬ ಭಾವ ಅವನದು. ಆಗ ರಾಮ ಅವನಿಗೆ ತಿಳಿಸಿ ಹೇಳಿದ. ಸಾವಿನೊಂದಿಗೆ ವೈರ ಮುಗಿಯಿತು, ನಮ್ಮ ಕೆಲಸವೂ ಆಯಿತು, ಇನ್ನು ಇವನು ನಿನಗೆ ಹೇಗೋ ನನಗೂ ಹಾಗೆಯೇ, ಸಂಸ್ಕಾರ ಮಾಡು ಎಂಬುದು ಆ ಮಾತಿನ ಅರ್ಥ.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ರಾವಣ ಮಾಡಿದ್ದು ಸರಿ ಎಂದು ರಾಮ ಹೇಳಲಿಲ್ಲ. ಸೀತೆಯನ್ನು ಒಯ್ದದ್ದು ತಪ್ಪೇ, ಯುದ್ಧ ನ್ಯಾಯವೇ. ಆದರೂ ಹೆಣಕ್ಕೆ ಬೆಂಕಿ ಬೇಕು, ಸತ್ತವನಿಗೆ ನೀರು ಬೇಕು. ತಪ್ಪು ಸರಿಯ ತೀರ್ಪು ಬೇರೆ, ಸತ್ತವನಿಗೆ ಸಲ್ಲುವ ಋಣ ಬೇರೆ. ಇವೆರಡನ್ನೂ ಕಲಸಿಕೊಂಡಾಗಲೇ ನಮಗೆ ಗೊಂದಲವಾಗುವುದು.

ಕುರುಕ್ಷೇತ್ರದ ನಂತರ

ಹದಿನೆಂಟು ದಿನ. ಕೌರವರದು 11 ಅಕ್ಷೋಹಿಣಿ, ಪಾಂಡವರದು 7. ಯುದ್ಧ ಮುಗಿದಾಗ ಬೆರಳೆಣಿಕೆಯ ಜನ ಉಳಿದರು. ಗೆದ್ದ ಧರ್ಮರಾಯ ಪಟ್ಟವೇರುವ ಮೊದಲು ಏನು ಮಾಡಿದ? ವಿದುರ, ಸಂಜಯ, ಧೌಮ್ಯ, ಯುಯುತ್ಸು ಮೊದಲಾದವರನ್ನು ಕರೆದು ಸತ್ತವರಿಗೆಲ್ಲ ವಿಧಿಪ್ರಕಾರ ಸಂಸ್ಕಾರ ಮಾಡಿಸಿರೆಂದ. ದುರ್ಯೋಧನನಿಗೂ ಚಿತೆ, ಅಭಿಮನ್ಯುವಿಗೂ ಚಿತೆ. ದೂರ ದೂರದ ದೇಶಗಳಿಂದ ಬಂದು ಸತ್ತ, ಯಾರ ಮಕ್ಕಳೆಂದು ಗೊತ್ತಿಲ್ಲದ, ಹೇಳುವ ಕೇಳುವ ದಿಕ್ಕಿಲ್ಲದ ಸೈನಿಕರನ್ನೂ ಒಟ್ಟುಗೂಡಿಸಿ ತುಪ್ಪ ಹೊಯ್ದು ಬೆಂಕಿ ಕೊಡಿಸಿದ. ಯಾವ ಪಕ್ಷದವನೆಂದು ಚಿತೆಯ ಮುಂದೆ ಯಾರೂ ಕೇಳಲಿಲ್ಲ.

ಆಮೇಲೆ ಎಲ್ಲರೂ ಗಂಗೆಯ ದಡಕ್ಕೆ ಬಂದರು, ತರ್ಪಣ ಕೊಡಲು. ಅಲ್ಲಿ ಕುಂತಿ ಬಾಯಿ ಬಿಟ್ಟಳು: "ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ." ಪಾಂಡವರ ಎದೆ ಒಡೆದುಹೋಯಿತು. ಯಾರನ್ನು ವೈರಿಯೆಂದು ಕೊಂದರೋ ಅವನು ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು! ಧರ್ಮರಾಯ ಮೊದಲೇ ತಿಳಿದಿದ್ದರೆ ಈ ಯುದ್ಧವೇ ಆಗುತ್ತಿರಲಿಲ್ಲ ಎಂದು ಗೋಳಾಡಿದ.

ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಕರ್ಣ ಪಾಪ, ಕುಂತಿ ಪಾಪ ಎಂದು ಕಣ್ಣೊರೆಸಿಕೊಂಡು ಎದ್ದುಹೋಗುತ್ತೇವೆ. ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ಕೊಂದಮೇಲೆ ಅಣ್ಣನೆಂದು ತಿಳಿದದ್ದು ಕರ್ಣನೊಬ್ಬನ ವಿಷಯದಲ್ಲಿ ಮಾತ್ರವೇ? ಪ್ರತಿಯೊಂದು ಯುದ್ಧದಲ್ಲೂ ಸತ್ತವನ ಹತ್ತಿರ ಹೋಗಿ ನೋಡಿದರೆ ಅಲ್ಲೊಬ್ಬ ಕರ್ಣ ಸಿಗುತ್ತಾನೆ. ನಮ್ಮ ಯಜಮಾನರಿಗೆ ಸಿಕ್ಕ ಗುರುತು ಮೊಣಕೈಯ ಆ ಬೇರೆ ಬಣ್ಣದ ಉಣ್ಣೆ.

ಭೀಷ್ಮನಿಗೆ ನೀರು ಕೊಡುವವರು ಯಾರು?

ಮಾಘ ಶುದ್ಧ ಅಷ್ಟಮಿಗೆ ಭೀಷ್ಮಾಷ್ಟಮಿ ಎನ್ನುತ್ತೇವೆ. ಮಕ್ಕಳಿಲ್ಲದ ಆ ಮಹಾನುಭಾವನಿಗೆ ಆ ದಿನ ಸಂಬಂಧವೇ ಇಲ್ಲದ ಮನೆಯವರೂ ತರ್ಪಣ ಬಿಡುವ ಪದ್ಧತಿ ಇದೆ. ಭೀಷ್ಮ ಯಾರ ಕಡೆಯವನು? ಮೊದಲ 10 ದಿನ ಕೌರವರ ಸೇನಾಪತಿ. ನಾವು ಪೂಜಿಸುವ ಕೃಷ್ಣ ಯಾರ ಸಾರಥಿಯಾಗಿದ್ದನೋ ಅವನ ಎದುರು ಪಕ್ಷ! ಅಂದರೆ ಸೋತ ಪಕ್ಷದ ಸೇನಾಪತಿಗೆ ಗೆದ್ದ ಪಕ್ಷದ ಭಕ್ತರು ಪ್ರತಿ ವರ್ಷ ನೀರು ಬಿಡುತ್ತಾ ಬಂದಿದ್ದಾರೆ. ಇದನ್ನು ಯಾರಾದರೂ ದ್ರೋಹ ಎಂದರೇ? ಇಲ್ಲ, ಪುಣ್ಯ ಎಂದರು. ಎರಡನೇ ಎಲೆ ನಮ್ಮಲ್ಲಿ ಹೊಸದಲ್ಲ ಭಕ್ತರೇ, ನಾವು ಮರೆತಿದ್ದೇವೆ ಅಷ್ಟೆ.

ನಮ್ಮ ಕನ್ನಡದ ಕವಿಗಳಿಗೂ ಇದು ಗೊತ್ತಿತ್ತು. ರನ್ನನ ಗದಾಯುದ್ಧವನ್ನು ಶಾಲೆಯಲ್ಲಿ ಓದಿದವರು ನೆನಪಿಸಿಕೊಳ್ಳಿ. ಕೊನೆಯ ಹೊತ್ತಿಗೆ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ಹೋಗುತ್ತಾನೆ. ದ್ರೋಣನನ್ನು, ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಕಂಡು ಅಳುತ್ತಾನೆ. ಅದು ಸಹಜ. ಆದರೆ ಅಭಿಮನ್ಯುವಿನ ದೇಹ ಕಂಡಾಗ ಸುಮ್ಮನೆ ಮುಂದೆ ಹೋಗುವುದಿಲ್ಲ. ವೈರಿ ಅರ್ಜುನನ ಮಗನೆಂದು ಗೊತ್ತಿದ್ದೂ ಆ ಎಳೆಯನ ಸಾಹಸವನ್ನು ಹೊಗಳಿ ಕೈಮುಗಿಯುತ್ತಾನೆ. ತನಗೂ ಅಂಥ ಸಾವು ಬರಲಿ ಎನ್ನುತ್ತಾನೆ. ಛಲದಂಕಮಲ್ಲನೆಂದು ಹೆಸರಾದ ದುರ್ಯೋಧನನಿಂದಲೇ ರನ್ನ ಇದನ್ನು ಮಾಡಿಸಿದ. ಅಷ್ಟು ಛಲದವನಿಗೇ ಸಾಧ್ಯವಾದದ್ದು ನಮಗೆ ಆಗದೇ?

ನಮ್ಮೂರ ವೀರಗಲ್ಲು

ಪುರಾಣ ಬಿಡಿ, ನಮ್ಮ ಹಳ್ಳಿಗಳನ್ನೇ ನೋಡಿ. ಊರ ಮುಂದೆ, ಹನುಮಪ್ಪನ ಗುಡಿಯ ಹತ್ತಿರ, ಕೆರೆಯ ಏರಿಯ ಮೇಲೆ ವೀರಗಲ್ಲುಗಳಿವೆ. ಕೆಳಗಿನ ಸಾಲಿನಲ್ಲಿ ಕತ್ತಿ ಹಿಡಿದು ಕಾದಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ತುದಿಯಲ್ಲಿ ಸೂರ್ಯ ಚಂದ್ರ.

ಈ ಸೀಮೆಯನ್ನು ಎಷ್ಟು ಮಂದಿ ಆಳಿದರು! ಕದಂಬರು, ಚಾಲುಕ್ಯರು, ಉಚ್ಚಂಗಿಯ ಪಾಂಡ್ಯರು, ಹೊಯ್ಸಳರು, ದೇವಗಿರಿಯ ಸೇವುಣರು, ವಿಜಯನಗರದವರು, ಚಿತ್ರದುರ್ಗದ ನಾಯಕರು, ಹೈದರಾಲಿ. ಒಬ್ಬರ ಮೇಲೊಬ್ಬರು ಏರಿ ಬಂದವರು. ಹಾಗಾದರೆ ನಮ್ಮ ಊರುಗಳ ವೀರಗಲ್ಲುಗಳಲ್ಲಿ ಒಂದು ಒಬ್ಬ ರಾಜನ ಕಡೆಯದು, ಪಕ್ಕದ ಊರಿನದು ಅವನ ವೈರಿಯ ಕಡೆಯದು ಇರಲೇಬೇಕಲ್ಲವೇ? ಆದರೆ ನಮ್ಮ ಅಜ್ಜಿ ಅಮಾವಾಸ್ಯೆಗೆ ಎಣ್ಣೆ ಹಚ್ಚಿ, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆಯುವಾಗ "ನೀನು ಹೊಯ್ಸಳರವನೋ ಸೇವುಣರವನೋ" ಎಂದು ಕೇಳಿದಳೇ? ಇಲ್ಲ. ಕಾದಾಡಿ ಸತ್ತ, ಯಾರದೋ ಮನೆಯ ಮಗ, ಅಷ್ಟು ಸಾಕು ಅವಳಿಗೆ. ನಮಗೆ ಓದು ಬಂತು, ಅಜ್ಜಿಯ ಆ ತಿಳಿವಳಿಕೆ ಮಾತ್ರ ಹಿಂದೆ ಉಳಿಯಿತು.

ಇಲ್ಲಿಗೆ ಹತ್ತಿರದ ಉಚ್ಚಂಗಿದುರ್ಗಕ್ಕೆ ನೀವೆಲ್ಲ ಹೋಗಿರುತ್ತೀರಿ, ಉಚ್ಚೆಂಗಮ್ಮನ ದರ್ಶನಕ್ಕೆ. 1177ರಲ್ಲಿ ಆ ದುರ್ಗವನ್ನು ಹೊಯ್ಸಳ ವೀರಬಲ್ಲಾಳ ಗೆದ್ದ. ಗೆದ್ದಮೇಲೆ ಶರಣು ಬಂದ ಪಾಂಡ್ಯನಿಗೆ ರಾಜ್ಯವನ್ನು ಹಿಂದಕ್ಕೆ ಕೊಟ್ಟನೆಂದು ಶಾಸನಗಳು ಹೇಳುತ್ತವೆ. ಯುದ್ಧ ಮುಗಿದ ಮೇಲೆ ಹೇಗಿರಬೇಕೆಂಬುದಕ್ಕೆ ನಮ್ಮ ಮಗ್ಗುಲಲ್ಲೇ ಇರುವ ಉದಾಹರಣೆ ಇದು.

ಚಿತ್ರದುರ್ಗಕ್ಕೆ ಹೋದಾಗ ಓಬವ್ವನ ಕಿಂಡಿಯ ಮುಂದೆ ಕೈಮುಗಿಯುತ್ತೇವೆ. ಮುಗಿಯಲೇಬೇಕು. ಗಂಡ ಊಟಕ್ಕೆ ಕೂತಾಗ ಒನಕೆ ಹಿಡಿದು ಕೋಟೆ ಕಾಯ್ದ ತಾಯಿ ಅವಳು. ಅವಳ ಸಮ ಯಾರು? ಆದರೆ ಕೈಮುಗಿದ ಮೇಲೆ ಒಂದು ಗಳಿಗೆ ಆ ಕಿಂಡಿಯ ಆಚೆ ಕಡೆಯನ್ನೂ ನೋಡಿ. ತೆವಳಿಕೊಂಡು ಬಂದವನು ಹೈದರನ ಸಿಪಾಯಿ. ಆ ಸೈನ್ಯದಲ್ಲಿ ಮೈಸೂರು ಸೀಮೆಯ ಊರುಗಳಿಂದ ಸೇರಿದವರೂ ಇದ್ದರು. ನಾಯಕ ಹೋಗು ಎಂದ, ಹೋದ. ಅವನ ಮನೆಯಲ್ಲೂ ಒಬ್ಬಳು ಒನಕೆ ಹಿಡಿದು ಭತ್ತ ಕುಟ್ಟುತ್ತಾ ದಾರಿ ಕಾಯುತ್ತಿದ್ದಿರಬೇಕು.

ಇದೇ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಆ ಅಶೋಕ ಕಳಿಂಗವನ್ನು ಗೆದ್ದ. ಗೆದ್ದವರು ತಮ್ಮ ಗೆಲುವನ್ನು ಕಲ್ಲಿನಲ್ಲಿ ಕೊರೆಸುವುದು ವಾಡಿಕೆ. ಅವನು ಕೊರೆಸಿದ್ದು ಬೇರೆ. ಕಳಿಂಗದಲ್ಲಿ 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ನೆಲೆ ಕಳೆದುಕೊಂಡರು, ಅದು ನನಗೆ ನೋವು ತಂದಿದೆ ಎಂಬ ಅರ್ಥದ ಮಾತನ್ನು ತನ್ನ ಬಂಡೆ ಶಾಸನದಲ್ಲಿ ಬರೆಸಿದ. ಅವರು ಅವನ ಪ್ರಜೆಗಳಲ್ಲ, ಎದುರಾಳಿಗಳು. ಎದುರಾಳಿಯ ಹೆಣಗಳನ್ನು ಎಣಿಸಿ ಮರುಗಿದ ಕಾರಣಕ್ಕೇ ಎರಡು ಸಾವಿರ ವರ್ಷ ದಾಟಿದರೂ ಅವನ ಹೆಸರು ಉಳಿದಿದೆ.

ಹರಿಹರನ ಗುಟ್ಟು

ಈಗ ಹೊಳೆಯ ದಂಡೆಗೆ ಬನ್ನಿ, ಹರಿಹರಕ್ಕೆ. 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಕಟ್ಟಿಸಿದವನು ಯಾರು? ದಂಡು ನಡೆಸಿದವನು. ಸಾವನ್ನು ಹತ್ತಿರದಿಂದ ಕಂಡವನು. ಅವನು ನಿಲ್ಲಿಸಿದ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರ ಒಂದೇ ಮೈಯಾಗಿ ನಿಂತಿದ್ದಾರೆ. ಆಗ ಹೊಯ್ಸಳರಿಗೂ ಸೇವುಣರಿಗೂ ಈ ನೆಲಕ್ಕಾಗಿ ಕಾದಾಟ ನಡೆದೇ ಇತ್ತು. 1276ರ ಹೊತ್ತಿಗೆ ಸೇವುಣರ ಸೈನ್ಯ ದೋರಸಮುದ್ರದವರೆಗೆ ಹೋಗಿ ಹಿಂದಿರುಗಿತು. ಆದರೂ ಹರಿಹರದಲ್ಲಿ ಹೊಯ್ಸಳರ ಶಾಸನವೂ ಉಂಟು, ಸೇವುಣರ ಶಾಸನವೂ ಉಂಟು. ರಣದಲ್ಲಿ ಕತ್ತಿ ಎತ್ತಿದ ಇಬ್ಬರೂ ಈ ದೇವರ ಊರಿನಲ್ಲಿ ಕೈ ಜೋಡಿಸಿದರು.

ಸ್ಥಳಪುರಾಣ ನಿಮಗೆ ಗೊತ್ತು. ಗುಹಾಸುರನಿಗೆ ವರವಿತ್ತು, ಹರಿಯೊಬ್ಬನಿಂದ ಸಾವಿಲ್ಲ, ಹರನೊಬ್ಬನಿಂದಲೂ ಸಾವಿಲ್ಲ. ಅದಕ್ಕೇ ಇಬ್ಬರೂ ಕೂಡಿ ಒಂದೇ ರೂಪ ತಾಳಬೇಕಾಯಿತು. ಗುಹಾಸುರ ಎಂದರೆ ಯಾರು? ಗುಹೆಯಲ್ಲಿ ಇರುವವನು. ಯಾವ ಗುಹೆ? ನಮ್ಮ ಎದೆಯೇ ಆ ಗುಹೆ. ಅಲ್ಲಿ ಅಡಗಿ ಕೂತ ಹಗೆಯೇ ಗುಹಾಸುರ. ಅವನನ್ನು ಒಂದೇ ಪಕ್ಷದವರು ಕೊಲ್ಲಲಾಗುವುದಿಲ್ಲ. ಈ ಕಡೆಯವರು ಗೆದ್ದರೆ ಆ ಕಡೆಯ ಎದೆಯಲ್ಲಿ ಬದುಕುತ್ತಾನೆ, ಆ ಕಡೆಯವರು ಗೆದ್ದರೆ ಈ ಕಡೆ. ಎರಡೂ ಕಡೆ ಒಂದೇ ಮೈಯಾಗಿ ನಿಂತ ದಿನವೇ ಅವನಿಗೆ ಸಾವು.

ಇನ್ನೊಂದು ಮಾತು. ಹರಿಹರನ ಕೈಗಳನ್ನು ನೋಡಿ. ಹರನ ಭಾಗದಲ್ಲಿ ತ್ರಿಶೂಲ, ಹರಿಯ ಭಾಗದಲ್ಲಿ ಚಕ್ರ. ಆಯುಧವನ್ನು ಅವರು ಕೆಳಗಿಡಲಿಲ್ಲ. ಹರ ಹರನಾಗಿಯೇ ಇದ್ದ, ಹರಿ ಹರಿಯಾಗಿಯೇ ಇದ್ದ. ನಮ್ಮ ದೇಶ ನಮ್ಮದೇ, ನಮ್ಮ ಗಡಿ ನಮ್ಮದೇ, ಕಾಯುವವನ ಕೈಯಲ್ಲಿ ಬಂದೂಕು ಇರಲೇಬೇಕು. ಇದನ್ನು ಬಿಡಬೇಕೆಂದು ಎರಡನೇ ಎಲೆ ಹೇಳುವುದಿಲ್ಲ.

ಸೈನಿಕರೇ ತೋರಿಸಿದ ದಾರಿ

"ಅದೆಲ್ಲ ಹಿಂದಿನ ಕಾಲ, ಈಗ ನಡೆಯುತ್ತದೆಯೇ?" ಎಂದು ಕೇಳುವವರಿದ್ದಾರೆ. ಕೇಳಿ.

1999ರ ಕಾರ್ಗಿಲ್ ಯುದ್ಧ. ಟೈಗರ್ ಹಿಲ್ ಮೇಲೆ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಎಂಬಾತ ಕೊನೆಯವರೆಗೆ ಕಾದಾಡಿ ಸತ್ತ. ಅವನ ಎದುರಿಗೆ ನಮ್ಮ ಕಡೆ ಸೈನ್ಯ ನಡೆಸಿದವರು ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ. ತಮ್ಮ ಜವಾನರನ್ನು ಆ ಬೆಟ್ಟದಲ್ಲಿ ಕಳೆದುಕೊಂಡವರು. ಅವರು ಆ ದೇಹವನ್ನು ಕೆಳಗಿಳಿಸಿ, ಈತ ಬಹಳ ಧೈರ್ಯದಿಂದ ಹೋರಾಡಿದ್ದಾನೆ ಎಂದು ಒಂದು ಚೀಟಿ ಬರೆದು ಜೇಬಿನಲ್ಲಿಟ್ಟು ಕಳಿಸಿದರು. ಪಾಕಿಸ್ತಾನ ಅವನಿಗೆ ತನ್ನ ಅತ್ಯುನ್ನತ ಶೌರ್ಯ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. ಅದೇ ಯುದ್ಧದಲ್ಲಿ ಪಾಕಿಸ್ತಾನ ತನ್ನವರೆಂದು ಒಪ್ಪಿಕೊಳ್ಳದ ಎಷ್ಟೋ ಹೆಣಗಳನ್ನು ನಮ್ಮ ಸೈನ್ಯವೇ ಅವರ ಧರ್ಮದ ಪ್ರಕಾರ ಗೌರವದಿಂದ ಮಣ್ಣು ಮಾಡಿತು. ಧರ್ಮರಾಯ ಕುರುಕ್ಷೇತ್ರದಲ್ಲಿ ಮಾಡಿದ್ದೂ ಇದನ್ನೇ.

1971ರಲ್ಲಿ ಬಸಂತರ್ ಕಾಳಗದಲ್ಲಿ 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಟ್ಯಾಂಕಿನಲ್ಲೇ ಹೋರಾಡಿ ಪ್ರಾಣ ಕೊಟ್ಟರು. ಅವರಿಗೆ ಪರಮವೀರ ಚಕ್ರ ಬಂತು. 30 ವರ್ಷದ ನಂತರ, 2001ರಲ್ಲಿ, ಅವರ ತಂದೆ ಬ್ರಿಗೇಡಿಯರ್ ಎಂ.ಎಲ್. ಖೇತ್ರಪಾಲ್ ತಾವು ಹುಟ್ಟಿದ ನೆಲವನ್ನು ನೋಡಲು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಬ್ರಿಗೇಡಿಯರ್ ನಾಸೆರ್ ಎಂಬುವರ ಮನೆಯಲ್ಲಿ ಇಳಿದುಕೊಂಡರು. ಬಹಳ ಉಪಚಾರವಾಯಿತು. ಕೊನೆಗೆ ಆ ಮನೆಯ ಯಜಮಾನರು ಹೇಳಿದರು: ನಿಮ್ಮ ಮಗ ಸತ್ತದ್ದು ನನ್ನ ಕೈಯಿಂದ ಎಂದು. ಹೇಳುವುದೂ ಕಷ್ಟ, ಕೇಳುವುದೂ ಕಷ್ಟ. ಆ ತಂದೆ ಕೂಗಾಡಲಿಲ್ಲ. ಇಬ್ಬರೂ ಸೈನಿಕರು, ಇಬ್ಬರಿಗೂ ತಿಳಿಯಿತು. ಬಾತಿ ಗುಡ್ಡಕ್ಕೆ ಬಂದ ನಮ್ಮ ಯಜಮಾನರು ಎದೆಯಲ್ಲಿಟ್ಟುಕೊಂಡಿದ್ದ ಮಾತನ್ನೇ ಅಲ್ಲಿ ಆ ಮನುಷ್ಯರೂ 30 ವರ್ಷ ಎದೆಯಲ್ಲಿಟ್ಟುಕೊಂಡಿದ್ದರು.

ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ದೂರದ ಹೈಫಾ ಪಟ್ಟಣವನ್ನು ಗೆದ್ದಿತು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಸೈನಿಕರಲ್ಲಿ ಒಬ್ಬ ನಮ್ಮ ಮೈಸೂರಿನವನು. ಹೆಮ್ಮೆಯ ಮಾತು. ಆದರೆ ಮೈಸೂರಿನ ಸವಾರನಿಗೂ ಎದುರಿದ್ದ ತುರ್ಕಿ ಸಿಪಾಯಿಗೂ ಏನು ಜಗಳವಿತ್ತು? ಹೊಲದ ಬದುವಿನ ಜಗಳವೇ, ನೀರಿನ ಜಗಳವೇ? ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ. ಯುದ್ಧವನ್ನು ನಿಶ್ಚಯಿಸುವವರು ಬೇರೆ, ಯುದ್ಧದಲ್ಲಿ ಸಾಯುವವರು ಬೇರೆ.

ಜಪಾನಿನ ಓಕಿನಾವಾ ದ್ವೀಪದಲ್ಲಿ 1945ರಲ್ಲಿ ಘೋರ ಯುದ್ಧವಾಯಿತು. ಅದರ 50ನೇ ವರ್ಷಕ್ಕೆ, 1995ರಲ್ಲಿ, ಅಲ್ಲಿಯ ಜನ ಕಪ್ಪು ಕಲ್ಲುಗಳ ಸಾಲು ನಿಲ್ಲಿಸಿ ಅಲ್ಲಿ ಸತ್ತವರ ಹೆಸರು ಕೊರೆಸಿದರು. ತಮ್ಮವರದಷ್ಟೇ ಅಲ್ಲ, ದಂಡೆತ್ತಿ ಬಂದ ಅಮೆರಿಕದ ಸೈನಿಕರದೂ, ನಡುವೆ ಸಿಕ್ಕು ಸತ್ತ ಹೆಂಗಸರು ಮಕ್ಕಳದೂ ಸೇರಿ 2 ಲಕ್ಷ 40 ಸಾವಿರಕ್ಕೂ ಹೆಚ್ಚು ಹೆಸರುಗಳು ಅಲ್ಲಿವೆ. ನಮ್ಮ ಅಜ್ಜಿ ವೀರಗಲ್ಲಿಗೆ ಎಣ್ಣೆ ಹಚ್ಚಿದ ಹಾಗೆಯೇ ಇದು.

ಹಾಗಾದರೆ ನಮ್ಮ ಮಗ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಗಡಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು "ಕೊಂದವನನ್ನೂ ನೆನೆ ತಾಯಿ" ಎಂದು ಹೇಳುವ ಹಕ್ಕು ನನಗುಂಟೇ? ಇಲ್ಲ. ನಿಮಗೂ ಇಲ್ಲ. ಕ್ಷಮೆ ಎಂಬುದು ಗಾಯವಾದವರು ತಾವಾಗಿ ಕೊಟ್ಟರೆ ಉಂಟು. ಪಕ್ಕದಲ್ಲಿ ನಿಂತವರು ಅದನ್ನು ಕೇಳಬಾರದು, ಅವರ ಪರವಾಗಿ ಕೊಡಲೂ ಬಾರದು. ಆ ತಾಯಿಗೆ ಆಗದಿದ್ದರೆ ಅದು ಪಾಪವಲ್ಲ. ಅವಳ ಕಣ್ಣೀರಿಗೆ ದೇವರ ಮನೆಯಲ್ಲಿ ಲೆಕ್ಕ ಬೇರೆಯೇ ಇದೆ.

ಈ ಮಾತನ್ನು ಯಜಮಾನರಿಗೂ ಹೇಳಿದೆ. "ನಿಮ್ಮ ಊರಲ್ಲಿ ಅಂಥ ತಾಯಿ ಇದ್ದಾರಾ?" ಎಂದು ಕೇಳಿದೆ. ಇದ್ದರು. ಕಾರ್ಗಿಲ್‌ನಲ್ಲಿ ಮಗನನ್ನು ಕೊಟ್ಟವರು. "ಹಾಗಾದರೆ ಎಲೆ ಹಾಕುವ ಮೊದಲು ಅವರ ಹತ್ತಿರ ಹೋಗಿ ಬನ್ನಿ. ಬೇಡ ಅಂದರೆ ಎಲೆ ಹಾಕಬೇಡಿ, ಮನಸ್ಸಿನಲ್ಲೇ ಒಂದು ದೀಪ ಹಚ್ಚಿ" ಎಂದೆ.

ಹಬ್ಬ ಮುಗಿದು ವಾರದ ಮೇಲೆ ಯಜಮಾನರು ಮತ್ತೆ ಗುಡ್ಡ ಹತ್ತಿ ಬಂದರು. ಜೊತೆಗೆ ಮಗನೂ ಇದ್ದ. ಏನಾಯಿತೆಂದು ಅವರೇ ಹೇಳಿದರು.

"ಹೋಗಿ ಅವಳ ಕಟ್ಟೆ ಮೇಲೆ ಕೂತೆ. ಹೇಳಕೆ ಬಾಯಿ ಬರ್ಲಿಲ್ಲ. ಅವಳೇ ಯಾಕಣ್ಣಾ, ಏನಾಯ್ತು ಅಂದ್ಲು. ಸ್ವೆಟರ್ ವಿಷಯ ಹೇಳ್ದೆ. ಭಾಳ ಹೊತ್ತು ಸುಮ್ನಿದ್ಲು. ಬೈತಾಳೆ ಅನ್ಕಂಡೆ. ಆಮೇಲೆ ಅಂದ್ಲು, ನನ್ನ ಮಗನ ಎಲೆ ಮೊದ್ಲು ಹಾಕಣ್ಣಾ, ಅವನಿಗೆ ಹೋಳಿಗೆ ಮೇಲೆ ತುಪ್ಪ ಜಾಸ್ತಿ ಬೇಕು. ಆಮೇಲೆ ಅವನದು ಹಾಕು. ಅವನವ್ವ ಅಲ್ಲಿ ಹಾಕ್ತಾಳೋ ಇಲ್ವೋ, ಯಾರಿಗೆ ಗೊತ್ತು ಅಂದ್ಲು."

ಭಕ್ತರೇ, ನಾನು ಇಷ್ಟು ಪುಟ ಓದಿ ಹುಡುಕಿದ ಉತ್ತರವನ್ನು ಆ ತಾಯಿ ಕಟ್ಟೆಯ ಮೇಲೆ ಕೂತು ಹೇಳಿಬಿಟ್ಟರು. ಮೊದಲು ನಮ್ಮವನು. ನಮಗಾಗಿ ಸತ್ತವನ ಋಣ ಮೊದಲು ತೀರಬೇಕು, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಆಚೆಯವನು. ನಮ್ಮವನ ಎಲೆಯಿಂದ ಕಿತ್ತು ಅವನಿಗೆ ಬಡಿಸುವುದು ಬೇಡ. ಅವನಿಗೆ ಅವನದೇ ಎಲೆ.

"ಅವನು ಬೇರೆ ಧರ್ಮದವನು, ನಮ್ಮ ಎಡೆ ಅವನಿಗೆ ಮುಟ್ಟುತ್ತದೆಯೇ?" ಎಂದು ಆ ಮಗ ನನ್ನನ್ನು ಕೇಳಿದ. ಒಳ್ಳೆಯ ಪ್ರಶ್ನೆ. "ನೀವು ಹಳೇಬಾತಿಯ ದರ್ಗಾಕ್ಕೆ ಹೋಗಿಲ್ಲವೇನಪ್ಪಾ? ನಮ್ಮ ಎಷ್ಟೋ ಮನೆಯವರು ಅಲ್ಲಿಗೂ ಹೋಗಿ ಸಕ್ಕರೆ ಓದಿಸಿಕೊಂಡು ಬರುತ್ತಾರೆ. ಅದು ಮುಟ್ಟುವುದಾದರೆ ಇದೂ ಮುಟ್ಟುತ್ತದೆ" ಎಂದೆ. ಹುಡುಗ ನಕ್ಕ. ಇಳಿಯುವಾಗ ಅಪ್ಪನ ಕೈ ಹಿಡಿದುಕೊಂಡು ಇಳಿಸಿದ.

ಮನೆಯಲ್ಲಿ ಮಾಡುವ ಕ್ರಮ

ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಟ್ಟ ಮೇಲೆ ಮನಸ್ಸಿದ್ದವರು ಹೀಗೆ ಮಾಡಬಹುದು. ಕಡ್ಡಾಯವಲ್ಲ, ಖರ್ಚೂ ಇಲ್ಲ.

1. ಮೊದಲ ದೀಪ ದೇಶಕ್ಕಾಗಿ ಪ್ರಾಣ ಕೊಟ್ಟ ನಮ್ಮ ಯೋಧರಿಗೆ. ನಿಮ್ಮ ಊರಿನವರು ಇದ್ದರೆ ಅವರ ಹೆಸರು ಹೇಳಿ. ಆ ಮನೆಗೆ ಹೋಗಿ ಹಬ್ಬದ ಅಡುಗೆ ಕೊಟ್ಟು ಬನ್ನಿ. ಹೆಸರು ಹೇಳಿ ಆ ಮನೆಯ ಕಡೆ ತಿರುಗಿಯೂ ನೋಡದಿದ್ದರೆ ದೀಪ ಹಚ್ಚಿ ಫಲವಿಲ್ಲ.

2. ಎರಡನೇ ದೀಪ ಹೆಸರು ತಿಳಿಯದವರಿಗೆ. ಊರ ವೀರಗಲ್ಲಿನ ಹತ್ತಿರ ಹಚ್ಚಿದರೆ ಉತ್ತಮ. ಕಲ್ಲು ಬಿದ್ದಿದ್ದರೆ ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಿ. ಬಟ್ಟೆ ಒಗೆಯುವ ಕಲ್ಲು ಮಾಡಬೇಡಿ.

3. ಮೂರನೇ ದೀಪ ಎದುರು ಪಕ್ಷದಲ್ಲಿ ಸತ್ತವರಿಗೆ. ಮಂತ್ರ ಬೇಡ. "ನೀನು ನಿನ್ನ ನೆಲಕ್ಕೆ ನಿಂತೆ, ನಮ್ಮವರು ನಮ್ಮ ನೆಲಕ್ಕೆ ನಿಂತರು. ಜಗಳ ಮುಗಿಯಿತು. ನಿನ್ನ ತಾಯಿಯ ಪರವಾಗಿ ಈ ದೀಪ" ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು.

4. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದಿದೆ. ಅಂದು ಕೊಡುವ ಕಾಣಿಕೆ ಯೋಧರ ಕುಟುಂಬಗಳಿಗೆ, ಗಾಯಗೊಂಡ ಮತ್ತು ಮಾಜಿ ಸೈನಿಕರಿಗೆ ಹೋಗುತ್ತದೆ. ಗುಡಿಯ ಹುಂಡಿಗೆ ಹಾಕುವಷ್ಟೇ ಭಕ್ತಿಯಿಂದ ಅದಕ್ಕೂ ಹಾಕಿ.

ಈ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಗುಡ್ಡ ಇಳಿಯುತ್ತೀರಿ. ಹರಿಹರದ ಕಡೆ ಹೋಗುವವರು ಹರಿಹರೇಶ್ವರನ ಮುಂದೆ ಒಂದು ಗಳಿಗೆ ನಿಂತು, ಆ ಎರಡು ಭಾಗ ಕೂಡುವ ಗೆರೆಯನ್ನು ಕಣ್ಣು ತುಂಬಾ ನೋಡಿ. ಗೆರೆ ಇದ್ದೇ ಇದೆ. ಗೆರೆಯ ಎರಡೂ ಕಡೆ ಇರುವುದು ಒಂದೇ ಎದೆ.

ನಿಮ್ಮ ಮಕ್ಕಳು ನೂರು ವರ್ಷ ಬಾಳಲಿ. ಗಡಿಯಲ್ಲಿರುವ ಮಕ್ಕಳು ಕ್ಷೇಮವಾಗಿ ಮನೆಗೆ ಬರಲಿ. ಗಡಿಯ ಆಚೆ ಕಾಯುತ್ತಿರುವ ತಾಯಂದಿರ ಮಕ್ಕಳೂ ಮನೆಗೆ ಹೋಗಲಿ.

॥ ಶರಣು ಶರಣಾರ್ಥಿ ॥ ಶುಭಮಸ್ತು ॥